ಡೆನ್ಮಾರ್ಕಿನವನ ಕುರ್ಚಿಯ ಮೊಳೆಗಳು

ಕಳೆದ ವಾರ ಬಹರೈನ್‌ನ ಉಮ್ ಅಲ್ ಹಸ್ಸಮ್‌ನಲ್ಲಿರುವ ನಮ್ಮ ಫ್ಲಾಟಿನಲ್ಲಿ ಏಸಿ ಸೋರಿ, ಕೆಳಗಿಟ್ಟಿದ್ದ ಹಳೆ ಪೇಪರಿನ ಕಟ್ಟೆಲ್ಲ ಒದ್ದೆಯಾಯಿತು. ಮುದ್ದೆಯಾದ ಕಾಗದದ ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಡೆನ್ಮಾರ್ಕಿನ ಆ ಡಿಸೈನರ್ ನೆನಪಾಗಿ ಮೈ ಉರಿಯಿತು.

ತೊಂಬತ್ತರ ದಶಕದಲ್ಲಿ ಅವನು ಇಲ್ಲಿಗೆ ಬಂದಾಗ ನಾನು ಅದ್ಲಿಯಾ ಬಡಾವಣೆಯ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ಬೆತ್ತ ಹೆಣೆಯುತ್ತಿದ್ದೆ. ಎದುರಿಗೆ ‘ಸಾರ್’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಎಂದೂ ಬಹುವಚನ ಕೊಟ್ಟವನಲ್ಲ, ಇಲ್ಲೂ ಕೊಡುವುದಿಲ್ಲ. ವಿಚಿತ್ರ ಮನುಷ್ಯ. ಮೇಜು ಮುಟ್ಟುತ್ತಿರಲಿಲ್ಲ, ಬರಿಗಾಲಲ್ಲಿ ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಕುರ್ಚಿಯನ್ನು ಅದರ ಪೂರ್ತಿ ಅಳತೆಯಲ್ಲೇ ಬರೆಯುತ್ತಿದ್ದ. ಹೊಸ ಕುರ್ಚಿ ತಯಾರಾದರೆ ನಮ್ಮನ್ನು ಸರದಿಯಲ್ಲಿ ಅದರಲ್ಲಿ ಕೂರಿಸಿ ಊಟ ಮಾಡಿಸಿ, ಯಾರು ಎಷ್ಟು ಸಲ ಮಿಸುಕಾಡಿದರು ಎಂದು ನೋಡುತ್ತಿದ್ದ. ಅವನು ಹರೆಯದಲ್ಲಿ ಮಾಡಿದ ಒಂದು ಕುರ್ಚಿಗೆ ಯುರೋಪಿನಲ್ಲೆಲ್ಲ ಹೆಸರಿತ್ತಂತೆ. ಅದನ್ನೇ ಇಲ್ಲಿಯ ಒಂದು ಹೋಟೆಲಿಗೆ ಮತ್ತೆ ಮಾಡಿಸಲು ಬಂದಿದ್ದ. ಚಂದವೇನೋ ಇತ್ತು, ಸುಳ್ಳು ಹೇಳಬಾರದು... ಬೆನ್ನಿಗೆ ಬಾಗಿದ ಒಂದೇ ಮರ, ಕೂರುವಲ್ಲಿ ಕಾಗದ ಹೊಸೆದು ಮಾಡಿದ ಹುರಿಯ ಹೆಣಿಗೆ.

ಹೆಣೆಯುವ ಕೆಲಸ ನನಗೆ ಬಂತು. ಬೆತ್ತವನ್ನು ನೆನೆಹಾಕಿಯೇ ಹೆಣೆಯಬೇಕು ಎಂದು ಅಪ್ಪ ಕಲಿಸಿದ್ದರು. ಅದೇ ರೂಢಿಯಲ್ಲಿ ಆ ಹುರಿಯ ಕಟ್ಟನ್ನೂ ಬಕೆಟ್ ನೀರಿಗೆ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಹೊಸೆತವೆಲ್ಲ ಬಿಚ್ಚಿ ಮುದ್ದೆ! ಅವನು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮುದ್ದೆಯನ್ನು ಗೋಡೆಗೆ ನೇತುಹಾಕಿ, ಬಂದ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ, “ನನ್ನ ಕುರ್ಚಿಗೆ ಸ್ನಾನ ಮಾಡಿಸಿದವನು ಇವನೇ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದ. ನಮ್ಮದು ಮೂರು ತಲೆಮಾರಿನ ಕಸುಬು. ವರ್ಕ್‌ಶಾಪಿನಲ್ಲಿ ನನ್ನ ಹೆಸರೇ ‘ಬಕೆಟ್’ ಆಗಿಹೋಯಿತು.

“ಎಂತ ಮಾರಾಯ, ಅವರು ತಮಾಷೆಗೆ ಹೇಳುವುದಲ್ವಾ? ಅದಕ್ಕೆಲ್ಲ ಎಂತಕ್ಕೆ ಮುಖ ಊದಿಸುವುದು ನೀನು?” ಎಂದರು ಉಡುಪಿ ಕಡೆಯ ನಮ್ಮ ಮ್ಯಾನೇಜರ್. ಅವರೂ ಮೀಸೆಯಡಿ ನಗುತ್ತಿದ್ದರು.

ಹಲ್ಲು ಕಚ್ಚಿ ಆ ಹೆಣಿಗೆ ಕಲಿತೆ, ಅವನೇ ಹುಬ್ಬೇರಿಸುವಷ್ಟು. ಹೋಟೆಲಿನವರು ನೋಡಲು ಬರುವ ದಿನ, ಹುರಿ ಸಿಕ್ಕಿಸುವ ಮೊಳೆಗಳನ್ನು ಕೆಳಗಿನಿಂದ ಒಂದು ಬದಿಯಲ್ಲಿ ಪೂರಾ ಸಡಿಲಿಸಿಟ್ಟೆ. ಗಿರಾಕಿಗಳೆದುರು ಧೊಪ್ಪನೆ ಕುರ್ಚಿಯ ಮೇಲೆ ಕೂತು ತೋರಿಸುವುದು ಅವನ ಚಾಳಿ. ಕೂತ. ಹೆಣಿಗೆ ಕಿತ್ತುಕೊಂಡು, ಮೊಣಕಾಲು ಎದೆಗೆ ತಾಗಿ, ಚೌಕಟ್ಟಿನೊಳಗೆ ಸಿಕ್ಕಿಬಿದ್ದ. ಎಲ್ಲರೂ ನಕ್ಕರು. ನನಗಾದ ಖುಷಿಯನ್ನು ಏನೆಂದು ಹೇಳಲಿ... ಹೊಟ್ಟೆ ತಣ್ಣಗಾಯಿತು.

ಎದ್ದವನು ಕುರ್ಚಿ ಮಗುಚಿದ. ಮೊಳೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನಿಗೆ ಗೊತ್ತಾಗಿತ್ತು. ಇನ್ನು ವೀಸಾ ರದ್ದು, ಊರಿಗೆ ಟಿಕೆಟ್ ಎಂದುಕೊಂಡೇ ನಿಂತಿದ್ದೆ. ಅವನು ಹೋಟೆಲಿನವರತ್ತ ತಿರುಗಿ, “ತಪ್ಪು ನನ್ನದು. ಹೆಣೆದವನದಲ್ಲ,” ಎಂದ. ಆರ್ಡರ್ ಕೈತಪ್ಪಿತು. ಅದೇ ವಾರ ಅವನೂ ಹೊರಟುಹೋದ. ನನ್ನ ಕೆಲಸ ಉಳಿಯಿತು.

ಮುಯ್ಯಿ ತೀರಿತು ಎಂದುಕೊಂಡಿರಾ? ಗೆದ್ದವನು ನಾನು, ತಲೆ ತಗ್ಗಿಸಿ ನಿಂತವನೂ ನಾನೇ. ಬೇಕೆಂದೇ ಮಾಡಿದ್ದು, ನೀನು ನಕ್ಕದ್ದಕ್ಕೇ ಮಾಡಿದ್ದು ಎಂದು ಅವನ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು ಇಷ್ಟು ವರ್ಷ ಕಾದಿದ್ದೆ.

ಮೊನ್ನೆ, ಈಗ ಊರಲ್ಲಿರುವ ಮ್ಯಾನೇಜರಿಗೆ ಫೋನ್ ಮಾಡಿ ಅವನ ವಿಳಾಸ ಕೇಳಿದೆ.

“ಅವರು ತೀರಿಹೋಗಿ ನಾಲ್ಕು ವರ್ಷ ಆಯ್ತಲ್ಲ ಮಾರಾಯ, ನಿಂಗೆ ಗೊತ್ತಿಲ್ವಾ?” ಎಂದರು.

ಫೋನ್ ಇಟ್ಟೆ. ಈ ಸಿಟ್ಟನ್ನು ಇನ್ನು ಯಾರ ಮುಂದೆ ಇಳಿಸಲಿ? ಬೇಡವೆನ್ನಲೂ ಬಿಡದೆ ನನ್ನನ್ನು ಕ್ಷಮಿಸಿ ಹೋದ, ಪಾಪಿ.