ದೊಡ್ಡಮ್ಮ ಮತ್ತು ಟ್ಯಾಂಕಿನ ದೀಪ

ದೊಡ್ಡಮ್ಮ ನನಗೆ ರಕ್ತಸಂಬಂಧಿಯೇನಲ್ಲ. ಪಕ್ಕದ ಟ್ರೈಲರಿನ ಕ್ರೇನ್ ಆಪರೇಟರನ ತಾಯಿ. ಸೇತುವೆ ಕೆಲಸ ನಡೆಯುವ ಕಡೆಗೆಲ್ಲ ಗಾಲಿಗಳ ಮೇಲಿನ ಮನೆಗಳನ್ನು ಲಾರಿಗೆ ಕಟ್ಟಿ ಎಳೆದುಕೊಂಡು ಹೋಗುವ ಜನ ನಾವು. ನನ್ನ ಗಂಡ ವೆಲ್ಡರ್. ಎರಡು ಟ್ರೈಲರುಗಳ ನಡುವೆ ಬಟ್ಟೆ ಒಣಹಾಕುವಷ್ಟು ಜಾಗ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ. ಆದ್ದರಿಂದ ಕಂಡದ್ದನ್ನೇ ಹೇಳುತ್ತೇನೆ, ಯಾರು ಮುಖ ಊದಿಸಿಕೊಂಡರೂ ಸರಿ.

ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹರೆಯದಲ್ಲಿ ಸೇರಿ ತಲೆ ನರೆಯುವವರೆಗೆ ದುಡಿದವಳು ದೊಡ್ಡಮ್ಮ. ಗಂಡ ಬೇಗ ಹೋಗಿಬಿಟ್ಟ. ಒಬ್ಬನೇ ಮಗನನ್ನು ರೋಗಿಗಳ ಹಾಸಿಗೆ ಬಟ್ಟೆ ಒಗೆದೇ ದೊಡ್ಡವನನ್ನಾಗಿ ಮಾಡಿದಳು. ಹಬೆಯಲ್ಲಿ ಬೆಂದು ಬೆಂದು ಗಟಗಟ ನೀರು ಕುಡಿಯುವ ಅಭ್ಯಾಸ ಅವಳದು. ಮಂಡಿ ಕೈಕೊಟ್ಟ ಮೇಲೆ ಬಾಡಿಗೆ ಕೋಣೆ ಬಿಟ್ಟು ಮಗನ ಹತ್ತಿರ ಬಂದಳು. ಬಂದ ದಿನವೇ ನನ್ನ ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಮುಗಿಸಿ, "ಇನ್ನೊಂದು ಕೊಡೇ ತಾಯಿ, ನನ್ನ ಹೊಟ್ಟೇಲಿ ಒಂದು ಬಾವಿ ಇದೆ" ಅಂದಳು. ಅವಳಿಗೆ ಇದ್ದದ್ದು ಒಂದೇ ಆಸೆ. ಕೊನೆಯವರೆಗೂ ಮಗನ ಕಣ್ಣೆದುರು ಇರಬೇಕು.

ಟ್ರೈಲರಿನ ಸಂಸಾರ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಮನೆಯ ಕೊಳೆನೀರು ಚರಂಡಿಗೆ ಹೋಗುವುದಿಲ್ಲ, ನಮ್ಮ ಕಾಲ ಕೆಳಗೇ ಇರುತ್ತದೆ. ಅಡುಗೆಮನೆ, ಬಚ್ಚಲಿನದು ಒಂದು ಟ್ಯಾಂಕು, ಕಕ್ಕಸಿನದು ಇನ್ನೊಂದು. ವಾರಕ್ಕೊಮ್ಮೆ ಟ್ಯಾಂಕರಿನವನು ಬಂದು ದಪ್ಪ ಪೈಪು ಹಾಕಿ ಹೀರಿಕೊಂಡು ಹೋಗುತ್ತಾನೆ. ಅಲ್ಲಿಯವರೆಗೆ ತುಂಬದ ಹಾಗೆ ನೋಡಿಕೊಳ್ಳುವುದು ಮನೆಯವರ ಪಾಡು. ಕಕ್ಕಸಿನ ಟ್ಯಾಂಕು ಎಷ್ಟು ತುಂಬಿದೆ ಎಂದು ತೋರಿಸಲು ಸಿಂಕಿನ ಮೇಲೆ ಸಾಲು ದೀಪಗಳಿವೆ. ಕೊನೆಯದು ಕೆಂಪು. ಅದು ಹತ್ತಿದರೆ ಟ್ಯಾಂಕರು ಬರುವವರೆಗೆ ಕಕ್ಕಸಿಗೆ ಬೀಗ.

ದೊಡ್ಡಮ್ಮ ಬಂದ ಮೇಲೆ ಆ ಕೆಂಪು ದೀಪ ಬೇಗ ಹತ್ತತೊಡಗಿತು. ಮಗ ತಕ್ಷಣ ಕಾನೂನು ಮಾಡಿದ. ಕಕ್ಕಸಿಗೆ ಹೋದರೆ ಒಂದೇ ಮಗ್ಗು ನೀರು, ಒಂದು ತೊಟ್ಟೂ ಹೆಚ್ಚಿಲ್ಲ. ಒಂದೇ ಮಗ್ಗಾಯಿತು, ದೀಪ ಇನ್ನೂ ಬೇಗ ಹತ್ತಿತು. ಅರ್ಧ ಮಗ್ಗು ಮಾಡಿದ. ಆಗ ಟ್ಯಾಂಕರಿನವನು ಹೀರಿಕೊಂಡು ಹೋದ ಮರುದಿನವೇ ಕೆಂಪು! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಏನು ಹೇಳೋಣ? ನೀರು ಕಡಿಮೆ ಹಾಕಿದಷ್ಟೂ ಟ್ಯಾಂಕು ಬೇಗ ತುಂಬುವುದು ಯಾವ ಲೋಕದ ಲೆಕ್ಕ ಎಂದು ಅವನು ಒಂದು ಗಳಿಗೆ ಯೋಚಿಸಲಿಲ್ಲ.

"ನಾವಿಬ್ರೇ ಇದ್ದಾಗ ಹೀಗಾಗ್ತಿರ್ಲಿಲ್ಲ" ಎಂದು ಅವನು ಕೂಗಾಡಿದ್ದು ನನ್ನ ಒಲೆಯ ಮುಂದೆ ಸ್ಪಷ್ಟವಾಗಿ ಕೇಳಿಸಿತು. "ಅಮ್ಮ, ನೀನು ಎಷ್ಟು ಸಲ ಹೋಗ್ತೀಯ ದಿನಕ್ಕೆ? ಹೀಗೇ ಆದ್ರೆ ವೃದ್ಧಾಶ್ರಮವೇ ಗತಿ. ವಿಚಾರಿಸಿದೀನಿ, ಜಾಗ ಇದೆಯಂತೆ."

ಸೊಸೆ ಬಾಯಿ ಬಿಡಲಿಲ್ಲ. ಕೆಟ್ಟವಳಲ್ಲ ಅವಳು, ಬಾಯಿಸತ್ತವಳು. ಕೆಲವು ಸಲ ಅದೂ ಕೆಟ್ಟತನಕ್ಕೆ ಸಮ.

ನನಗೆ ತಡೆಯಲಾಗಲಿಲ್ಲ. ಅವನು ಹೊರಗೆ ಬಂದಾಗ, "ಏನಪ್ಪಾ, ಹೆತ್ತ ತಾಯಿ ಒಂದಕ್ಕೆ ಹೋಗೋದನ್ನೂ ಎಣಿಸ್ತೀಯಾ? ಆ ದೀಪಕ್ಕೇ ಏನಾದ್ರೂ ಆಗಿದೆಯೋ ನೋಡಿಸು" ಅಂದೆ.

"ನಿಮ್ಮ ಮನೆ ಟ್ಯಾಂಕು ನೀವು ನೋಡ್ಕೊಳ್ಳಿ ಅಕ್ಕಾ" ಎಂದು ಹೋದ.

ಅಂದಿನಿಂದ ದೊಡ್ಡಮ್ಮ ನೀರು ಬಿಟ್ಟಳು. ಪೂರ್ತಿಯಾಗಿ ಅಲ್ಲ, ಮಾತ್ರೆ ನುಂಗಲು ಒಂದು ಗುಟುಕು, ಊಟಕ್ಕೆ ಅರ್ಧ ಲೋಟ. ನಾನು ಚಹಾ ಕೊಟ್ಟರೆ ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಂಡು ಹಾಗೆಯೇ ವಾಪಸು ಕೊಡುತ್ತಿದ್ದಳು.

"ಕುಡೀರಿ ದೊಡ್ಡಮ್ಮ, ನಮ್ಮ ಮನೆ ಕಕ್ಕಸಿದೆ, ಇಲ್ಲಿಗೇ ಬನ್ನಿ" ಅಂದೆ.

"ಬೇಡ ಕಣೇ. ಅವನಿಗೆ ಗೊತ್ತಾದ್ರೆ ಮರ್ಯಾದೆ ಹೋಯ್ತು ಅಂತಾನೆ. ಒಳಗೆ ಹೋದ್ರೆ ತಾನೇ ಹೊರಗೆ ಬರೋದು? ನಾನೇ ಬಾಯಿಗೆ ಬೀಗ ಹಾಕಿಬಿಟ್ರೆ ಯಾರಿಗೂ ತೊಂದರೆ ಇಲ್ಲ" ಎಂದು ನಕ್ಕಳು. ತುಟಿ ಒಡೆದು ಬಿರುಕು ಬಿಟ್ಟಿತ್ತು. ತೀರಾ ಅವಸರವಾದರೆ ಅಂಗಳ ದಾಟಿ ಕೆಲಸಗಾರರ ಕಕ್ಕಸಿಗೆ ಹೋಗಬೇಕು. ಮಂಡಿನೋವಿಗೆ ಅದೂ ಆಗದೆ ತಡೆದುಕೊಂಡು ಕೂರುತ್ತಿದ್ದಳು. ಒಂದು ಮಧ್ಯಾಹ್ನ ಜ್ವರ ಬಂದು ಮೈ ನಡುಗತೊಡಗಿತು. ಅಂಗಳದ ನಡುವೆಯೇ ಕುಸಿದಳು. ನಾನೂ ಸೊಸೆಯೂ ಎತ್ತಿ ಆಸ್ಪತ್ರೆಗೆ ಹಾಕಿದೆವು.

ಅವಳು ಆಸ್ಪತ್ರೆಯಲ್ಲಿದ್ದರೂ ಕೆಂಪು ದೀಪ ಆರಲಿಲ್ಲ. ಅಯ್ಯೋ, ಆಗ ಬುದ್ಧಿ ಬಂತು ಮಹಾರಾಯನಿಗೆ! ಟ್ಯಾಂಕರಿನವನನ್ನು ಕರೆಸಿದ. ಅವನು ಕಕ್ಕಸಿನ ಗುಂಡಿಯೊಳಗೆ ಟಾರ್ಚು ಬಿಟ್ಟು ನೋಡಿ ಬೈದ.

"ಎಲ್ಲಿ ತುಂಬಿದೆ ಸ್ವಾಮಿ? ತಳದಲ್ಲಿ ಒಂದು ಗೇಣು ಗಲೀಜು ಗಟ್ಟಿಯಾಗಿ ಕೂತಿದೆ, ಅಷ್ಟೇ. ಪೈಪಿಗೆ ಬರೋಕೆ ಅದರಲ್ಲಿ ನೀರೆಲ್ಲಿದೆ? ಟ್ಯಾಂಕಿನ ಗೋಡೇಲಿರೋ, ದೀಪ ಹತ್ತಿಸೋ ಮೊಳೆಗಳಿಗೂ ಅದೇ ಮೆತ್ತಿಕೊಂಡಿದೆ, ಅದಕ್ಕೇ ಆರ್ತಿಲ್ಲ. ಧಾರಾಳವಾಗಿ ನೀರು ಹಾಕಬೇಕು ಇದಕ್ಕೆ. ಕೈ ಬಿಗಿ ಹಿಡಿದಿದ್ದೇ ತಪ್ಪು."

ಮಗ ಅಂದು ನಲ್ಲಿಗೆ ಪೈಪು ಹಾಕಿ ಆ ಟ್ಯಾಂಕಿಗೆ ನೀರು ಸುರಿದ. ಹೀರಿಸಿದ, ಮತ್ತೆ ಸುರಿದ. ತಾಯಿಗೆ ಅಳೆದು ಕೊಟ್ಟ ನೀರು ಹೇಲಿಗೆ ಹೊಳೆಯಾಗಿ ಹರಿಯಿತು. ಸಂಜೆಯ ಹೊತ್ತಿಗೆ ದೀಪ ಆರಿತು.

ಮರುದಿನ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಅವನ ಕೈಯಲ್ಲಿ ದೊಡ್ಡ ನೀರಿನ ಬಾಟಲಿ. ಹಾಸಿಗೆಯ ಪಕ್ಕ ಕೂತು, "ಅಮ್ಮ, ಟ್ಯಾಂಕು ತುಂಬೇ ಇರ್ಲಿಲ್ಲ. ದೀಪ ಸುಳ್ಳು ಹೇಳ್ತಿತ್ತು. ತಪ್ಪಾಯ್ತು. ಇನ್ಮೇಲೆ ಎಷ್ಟು ಬೇಕಾದ್ರೂ ಕುಡಿ" ಎಂದು ಅತ್ತ. ನಿಜವಾಗಿಯೇ ಅತ್ತ, ಅದನ್ನು ಇಲ್ಲ ಅನ್ನಲಾರೆ.

ದೊಡ್ಡಮ್ಮ ಕೈ ಚಾಚಿದಳು. ಅಷ್ಟರಲ್ಲಿ ನರ್ಸ್ ಬಂದು ಬಾಟಲಿ ತೆಗೆದುಕೊಂಡಳು.

"ಡಾಕ್ಟರ್ ಹೇಳಿಲ್ವಾ ನಿಮಗೆ? ತಡೆದೂ ತಡೆದೂ ಸೋಂಕು ಮೇಲಕ್ಕೆ ಹತ್ತಿ ಎರಡೂ ಕಿಡ್ನಿ ಕೆಟ್ಟಿವೆ. ಹೆಚ್ಚು ನೀರು ಕೊಟ್ರೆ ಹೋಗೋಕೆ ದಾರಿಯಿಲ್ಲದೆ ಮೈ ಊದುತ್ತೆ. ಇನ್ಮೇಲೆ ದಿನಕ್ಕೆ ಎರಡು ಲೋಟ, ಅದೂ ಅಳೆದು. ಮನೆಗೆ ಹೋದ್ಮೇಲೂ ಅಷ್ಟೇ."

ಸೊಸೆ ಮೊದಲ ಸಲ ಜೋರಾಗಿ ಅತ್ತುಬಿಟ್ಟಳು.

ದೊಡ್ಡಮ್ಮ ಮಾತ್ರ ಹಗುರಾದವಳ ಹಾಗೆ ಮಗನ ತೋಳು ಹಿಡಿದಳು. "ಅಳಬೇಡ್ವೋ. ಎರಡೇ ಲೋಟ ಅಂತೆ, ಕೇಳಿದ್ಯಲ್ಲ? ಇನ್ನು ನಿನ್ನ ಟ್ಯಾಂಕಿಗೇನೂ ತೊಂದರೆ ಇಲ್ಲ. ಮನೇಲೇ ಇಟ್ಕೋತೀಯಲ್ವಾ ನನ್ನ?"