ಅಲ್ಲಾಡದ್ದನ್ನು ಅಳಿಸುತ್ತಿದ್ದವನು

ಕಳೆದ ವಾರ ಮೊಮ್ಮಗಳು ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ. ನನ್ನ ಫೋನಿಗೆ ಚಾರ್ಜರ್ ಸಿಕ್ಕಿಸುವ ತೂತಿನಲ್ಲಿ ಧೂಳು ಕೂತಿದೆ ಎಂದು ಒಂದು ಸಣ್ಣ ಬಾಟಲಿ ತೆರೆದಳು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಒರೆಸತೊಡಗಿದಳು. ಆ ವಾಸನೆ ಅಡುಗೆಮನೆಯ ತನಕ ಬಂತು. ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತೆ.

"ಯಾಕ ಅಜ್ಜಿ, ದವಾಖಾನಿ ನೆನಪಾತೇನು?" ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಅದು ಸುಳ್ಳು. ಸ್ಪಿರಿಟ್ ವಾಸನೆ ಬಂದರೆ ನನಗೆ ದವಾಖಾನೆಯಲ್ಲ, ವಿಡಿಯೋ ಮಾಸ್ತರ ನೆನಪಾಗುತ್ತಾನೆ. ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ, ಮೊದಲಿನಿಂದಲೂ ಹಾಗೇ. ಅದಕ್ಕೇ ಬರೆದಿಡುತ್ತಿದ್ದೇನೆ. ಮೊಮ್ಮಕ್ಕಳೇ, ನೀವು ಓದಿಕೊಳ್ಳಿರಿ.

ಎಂಬತ್ತರ ದಶಕದ ನಡುವಿನ ಮಾತು. ನಿಮ್ಮ ಅಜ್ಜ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಾನು ಹಳಿಯಾಳದ ಕಡೆಯ ಹಳ್ಳಿಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮಿಲ್ಲಿನ ವಾಸನೆಗೆ ಹದಿನೈದು ದಿನಕ್ಕೇ ಒಗ್ಗಿಹೋದೆ. ಆದರೆ ಬಜಾರಿನಲ್ಲಿದ್ದ ವಿಡಿಯೋ ಮಾಸ್ತರನ ಅಂಗಡಿಯ ವಾಸನೆಗೆ ಮಾತ್ರ ಎಂದೂ ಒಗ್ಗಲಿಲ್ಲ. ಕಿಟಕಿಗೆಲ್ಲ ಗೋಣಿತಾಟು ಹೊಡೆದ ಕೋಣೆ ಅದು. ಸ್ಪಿರಿಟ್, ತಂಬಾಕು, ಬೆವರು, ಎಲ್ಲ ಒಂದಾಗಿ ಬಾಗಿಲಲ್ಲೇ ಮೂಗಿಗೆ ಹೊಡೆಯುತ್ತಿತ್ತು. ಆತ ಮಷೀನಿನ ಮುಚ್ಚಳ ತೆಗೆದು, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಳಗೆ ಒರೆಸುತ್ತಿದ್ದ. ಆಮೇಲೆ ಅದೇ ಹತ್ತಿಯನ್ನು ತನ್ನ ಕಿವಿಯಲ್ಲಿ ತಿರುವಿಕೊಳ್ಳುತ್ತಿದ್ದ. ಪಕ್ಕದಲ್ಲೇ ಉಗುಳುವ ಡಬ್ಬಿ. ಅದು ತುಂಬಿ ಅಂಚಿಗೆ ಬಂದಿರುತ್ತಿತ್ತು… ಎಲ್ಲರೂ ಆತನಿಗೆ ಬಹುವಚನ ಕೊಡುತ್ತಿದ್ದರು. ನಾನೂ ಎದುರಿಗೆ ಕೊಟ್ಟಿದ್ದೇನೆ. ಈ ಕಾಗದದ ಮೇಲೆ ಕೊಡುವುದಿಲ್ಲ.

ಕೆಲಸದಲ್ಲಿ ಆತ ಚುರುಕು ಎಂಬುದನ್ನು ಒಪ್ಪಬೇಕು. ಖಾಲಿ ಕ್ಯಾಸೆಟ್ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ, ಗೋವಾದಿಂದ, ಗಡಿಯ ರಾಮನಗರದ ದಾರಿಯಲ್ಲಿ, ಯಾರಾದರೂ ತರಬೇಕಿತ್ತು. ಹಾಗಾಗಿ ಟೇಪನ್ನು ಉಳಿಸುವುದೇ ಆತನ ಜಾಣತನ. ಮಷೀನನ್ನು ನಿಧಾನ ಓಡಿಸಿ, ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ಆರು ತಾಸು ಹಿಡಿಸುತ್ತಿದ್ದ. ಚಿತ್ರ ಮಸುಕಾಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಎರಡು ಮಷೀನುಗಳ ನಡುವೆ ವಾಯರ್ ಹಾಕಿ, ಒಂದರಲ್ಲಿ ತಾನು ತೆಗೆದ ಕ್ಯಾಸೆಟ್ ಓಡಿಸಿ, ಇನ್ನೊಂದಕ್ಕೆ ಬೇಕಾದಷ್ಟನ್ನೇ ಇಳಿಸಿಕೊಳ್ಳುತ್ತಿದ್ದ. ಬೇಡವಾದದ್ದು ಬಂದಾಗ ಗುಂಡಿ ಒತ್ತಿ ನಿಲ್ಲಿಸುವುದು, ಅದು ಕಳೆದ ಮೇಲೆ ಮತ್ತೆ ಒತ್ತುವುದು. ಮೊದಲಿನ ಕ್ಯಾಸೆಟ್ ಮತ್ತೆ ಕ್ಯಾಮೆರಾಕ್ಕೆ ಹೋಗುತ್ತಿತ್ತು. ಅದರ ಮೇಲೆ ಇನ್ನೊಬ್ಬರ ಮದುವೆ. ಯಾವುದು ಬೇಕು, ಯಾವುದು ಬೇಡ ಎನ್ನುವುದಕ್ಕೆ ಆತನ ಹತ್ತಿರ ಒಂದೇ ಕಾಯಿದೆಯಿತ್ತು. "ಅಲ್ಲಾಡೂದೆಲ್ಲಾ ವಿಡಿಯೋ. ಅಲ್ಲಾಡಲಾರದ್ದೆಲ್ಲಾ ಟೇಪಿಗೆ ದಂಡ" ಎನ್ನುತ್ತಿದ್ದ. ಈ ಮಾತಿಗೆ ಬಜಾರಿನ ಗಂಡಸರು ತಲೆದೂಗುತ್ತಿದ್ದರು.

ನನ್ನ ತಂಗಿಯ ಮದುವೆಯನ್ನು ನಾವೇ ದಾಂಡೇಲಿಯಲ್ಲಿ ಮಾಡಿಕೊಟ್ಟೆವು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಬೀಗರು ಬೆಳಗಾವಿಯವರು, ವಿಡಿಯೋ ಆಗಲೇಬೇಕು ಎಂದರು. ಮಾಸ್ತರ ಕ್ಯಾಮೆರಾ ಹೆಗಲಿಗೇರಿಸಿ ಬಂದ. ಮಂಟಪದ ತುಂಬ ಆತನದೇ ಓಡಾಟ.

ನಮ್ಮವ್ವ ಮಂಟಪದಲ್ಲಿರಲಿಲ್ಲ. ಗಂಡನಿಲ್ಲದವಳು ಶುಭಕಾರ್ಯದ ಮುಂದೆ ಬರಬಾರದು ಎಂಬ ಕಟ್ಟಳೆ ಆಗ ಗಟ್ಟಿಯಿತ್ತು. ಯಾರೂ ಬೈದು ಕಳಿಸಲಿಲ್ಲ. ತಾನೇ ಮುಂಜಾನೆ ಎದ್ದು ಹೋಗಿ, ಹಿಂದಿನ ಸಾಮಾನಿನ ಕೋಣೆಯಲ್ಲಿ ಅಕ್ಕಿಚೀಲಗಳ ನಡುವೆ ಕೂತಿದ್ದಳು. ಮಂಗಲಾಷ್ಟಕ ಕೇಳಿಸಿದಾಗ ಕಿಟಕಿಯಿಂದಲೇ ಅಕ್ಷತೆ ಎಸೆದಳು. ಅದು ಕಿಟಕಿಯ ಕಟ್ಟೆಯ ಮೇಲೇ ಬಿತ್ತು.

ಅವ್ವನದು ಮುಖ ಕಾಣುವ ಒಂದು ಫೋಟೋ ಸಹ ಇರಲಿಲ್ಲ. ಇದ್ದದ್ದು ಒಂದೇ, ಮದುವೆಯಾದ ಹೊಸದರಲ್ಲಿ ಹಳಿಯಾಳದ ಸ್ಟುಡಿಯೋದಲ್ಲಿ ಅಪ್ಪನ ಸಂಗಡ ತೆಗೆಸಿಕೊಂಡದ್ದು. ತೆಗೆಯುವ ಹೊತ್ತಿಗೆ ಮೂಗಿನ ಮೇಲೆ ನೊಣ ಕೂತಿತಂತೆ, ತಲೆ ಕೊಡವಿದಳಂತೆ. ಅಪ್ಪ ಸ್ಪಷ್ಟ ಬಂದಿದ್ದ. ಅವ್ವನ ಮುಖದ ಜಾಗದಲ್ಲಿ ಹೊಗೆಯಂಥದೇನೋ ಇತ್ತು. "ಒಂದು ಗಳಿಗೆ ಕುಂದರಾಕ ಆಗಲಿಲ್ಲಲ್ಲ ನಿನಗ" ಎಂದು ಅಪ್ಪ ಇರುವ ತನಕ ಹಂಗಿಸಿದ. ಆಮೇಲೆ ಆ ಫೋಟೋವನ್ನು ಗೆದ್ದಲು ತಿಂದಿತು. ಆ ಹಂಗಿಸುವ ಮಾತು ಮಾತ್ರ ಅವ್ವನಲ್ಲಿ ಉಳಿಯಿತು.

ಊಟದ ಪಂಕ್ತಿ ಸುರುವಾಗುವ ಮೊದಲು ನಾನು ಮಾಸ್ತರನ ಹತ್ತಿರ ಹೋದೆ. ಪರಗಂಡಸರ ಎದುರು ಬಾಯಿ ಬಿಟ್ಟವಳಲ್ಲ. ಆದರೂ ಹೋದೆ. "ನಮ್ಮವ್ವ ಒಳಗ ಕುಂತಾಳ್ರಿ… ಒಂದೀಟು ತಗೀರಿ" ಎಂದೆ.

"ಅಲ್ಲೇನ್ ನಡದೈತ್ರಿ ವೈನಿ, ಅಕ್ಕಿಚೀಲದ ಮದುವೀನ?" ಎಂದ. ಸುತ್ತ ಇದ್ದವರು ನಕ್ಕರು. ನಾನು ಅಲ್ಲಿಂದ ಸರಿಯಲಿಲ್ಲ. ಕೊನೆಗೆ ತಂಬಾಕು ಉಗುಳಿ, "ಬರ್ರಿ, ಲೈಟ್ ನೀವ ಹಿಡೀರಿ" ಎಂದ.

ಹೀಗೆ ನನ್ನ ಕೈಯಾರೆ ಆ ಲೈಟು ಹಿಡಿದೆ. ಕಾದ ಹೆಂಚಿನಂಥ ಬಿಸಿ. ಅವ್ವ ಸೆರಗು ಸರಿಮಾಡಿಕೊಂಡು, ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟಳು. "ಅಲ್ಲಾಡಬಾರದಲ್ರೀ ಅಣ್ಣಾರ?" ಎಂದು ಕೇಳಿದಳು.

"ಅಗದೀ ಅಲ್ಲಾಡಬ್ಯಾಡ್ರಿ ಅಜ್ಜಿ. ಗುಡಿಯಾನ ದೇವರಗತೆ ಕುಂದರ್ರಿ" ಎಂದು, ನನ್ನ ಕಡೆ ತಿರುಗಿ ಕಣ್ಣು ಹೊಡೆದ.

ವಿಡಿಯೋದಲ್ಲಿ ಅಲ್ಲಾಡಬಹುದು ಎಂದು ನನಗೆ ಗೊತ್ತಿತ್ತು. ಎರಡು ಸಲ ನೋಡಿದ್ದೆ. ಆದರೆ ಗಂಡಸು ಹೇಳುವಾಗ ನಡುವೆ ನಾನು ಹೇಗೆ ಮಾತಾಡಲಿ ಎಂದು ಸುಮ್ಮನಾದೆ. ಅವ್ವ ಉಸಿರು ಹಿಡಿದು ಕೂತಳು. ಕಣ್ಣು ಮಿಟುಕಿಸಲಿಲ್ಲ. ಲೈಟಿನ ಝಳಕ್ಕೆ ಕಣ್ಣಲ್ಲಿ ನೀರು ತುಂಬಿ ಒಂದು ಹನಿ ಕೆನ್ನೆಯ ಮೇಲಿಂದ ಇಳಿಯಿತು, ಗಲ್ಲದ ತನಕ. ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಕೈ ಅಲ್ಲಾಡುತ್ತದಲ್ಲ… ನಾನು ಅವ್ವನ ಮುಖವನ್ನು ಅಷ್ಟು ಹೊತ್ತು, ಅಷ್ಟು ಬೆಳಕಿನಲ್ಲಿ ಅದಕ್ಕಿಂತ ಮೊದಲು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಕ್ಯಾಸೆಟ್ ತಯಾರಾಗಲು ಎರಡು ವಾರ ಹಿಡಿಯಿತು. ಅವ್ವ ಊರಿಗೆ ಹೋಗದೆ ಉಳಿದಳು. ಮನೆಯಲ್ಲಿ ಎಮ್ಮೆ ಕಟ್ಟಿದವಳು, ಎರಡು ದಿನ ಎಲ್ಲೂ ನಿಲ್ಲದವಳು, ಅದಕ್ಕಾಗಿ ಉಳಿದಳು. ಒಂದು ರವಿವಾರ ಮಧ್ಯಾಹ್ನ ಮಾಸ್ತರ ಮಷೀನು, ಟಿವಿ ಎರಡನ್ನೂ ಟಾಂಗಾದಲ್ಲಿ ತಂದ. ಕಿಟಕಿಗೆ ಕಂಬಳಿ ಕಟ್ಟಿದೆವು. ಓಣಿಯವರೆಲ್ಲ ಬಂದು ಒತ್ತಿಕೊಂಡು ಕೂತರು. ಅವ್ವ ತಲೆ ಬಾಚಿ, ಅಲ್ಲಿಯ ತನಕ ಮಡಿಕೆ ಬಿಚ್ಚಿರದ ಸೀರೆ ಉಟ್ಟುಕೊಂಡು ಬಂದು ಕೂತಳು. ನೋಡಲು ಬಂದವಳ ಹಾಗಲ್ಲ, ತಾನೇ ಎಲ್ಲರಿಗೂ ಕಾಣಬೇಕಾದವಳ ಹಾಗೆ.

ಬ್ಯಾಂಡಿನವರು ಬಂದರು. ಕುಣಿಯುವವರು ಬಂದರು, ಬಹಳ ಹೊತ್ತು. ಊಟದ ಪಂಕ್ತಿ ಬಂತು. ಒಬ್ಬಾತ ಎಲೆಯ ಮೇಲಿನ ಪಾಯಸವನ್ನು ಬಳಿದು ಬಳಿದು ಬೆರಳು ನೆಕ್ಕುವುದನ್ನು ಮಾಸ್ತರ ಮುಖದ ಹತ್ತಿರ ಹೋಗಿ ತೆಗೆದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವ ನನ್ನ ಮೊಣಕೈ ಮುಟ್ಟಿ, "ನಂದ್ ಯಾವಾಗ ಬರತೈತಿ?" ಎಂದಳು. "ಬರತೈತಿ, ತಡೀಬೇ" ಎಂದೆ. ಎಂಜಲೆಲೆಗಳ ರಾಶಿ ಬಂತು. ಅದನ್ನು ಮೂಸುತ್ತಿದ್ದ ನಾಯಿ ಬಂತು. ನಾಯಿ ಬಾಲ ಅಲ್ಲಾಡಿಸುತ್ತಿತ್ತು. ಅವ್ವ ಮತ್ತೆ ಕೇಳಿದಳು. ಮತ್ತೆ ತಡಿ ಎಂದೆ. ಬೀಗರು ಮೋಟಾರು ಹತ್ತಿದರು, ತಂಗಿ ಅತ್ತಳು, ಮೋಟಾರು ಹೋಯಿತು. ಆಮೇಲೆ ಪರದೆಯ ಮೇಲೆ ಕರಿ ಇರುವೆಗಳು ಹರಿದಾಡಿದಂತಾಗಿ ಬರೀ ಸುಂಯ್ ಎಂಬ ಸಪ್ಪಳ. ಜನ ಎದ್ದರು. ಅವ್ವ ಏಳಲಿಲ್ಲ. ಆ ಇರುವೆಗಳನ್ನೇ ನೋಡುತ್ತ ಕೂತಿದ್ದಳು.

ನಾನು ಚಹಾ ತೆಗೆದುಕೊಂಡು ಪಡಸಾಲೆಗೆ ಹೋದೆ. ಅಲ್ಲಿ ಮಾಸ್ತರ ಗಂಡಸರ ನಡುವೆ ಕೂತು ಹೇಳುತ್ತಿದ್ದ: "ಒಂದು ಮುದುಕಿ ಏನ್ ಕುಂತಿತ್ತಂತೀರಿ, ಕಲ್ಲು! ಮಷೀನ್ ಕೆಟ್ಟು ನಿಂತೈತೋ ಅಂತ ನಾನ ಎರಡ ಸಲ ಬಡದು ನೋಡೀನಿ." ಎಲ್ಲರೂ ನಕ್ಕರು. ಆಕೆ ಯಾರೆಂದು ತಿಳಿಯದೆ ನಿಮ್ಮ ಅಜ್ಜನೂ ನಕ್ಕರು. ಮಾಸ್ತರ ನನ್ನನ್ನು ನೋಡಿ, "ಹೆಂಗಾಗೇತ್ರಿ ವೈನಿ?" ಎಂದ. ಮನೆಯಲ್ಲಿದ್ದ ಒಳ್ಳೆಯ ಕಪ್ಪಿನಲ್ಲಿ ಆತನಿಗೆ ಚಹಾ ಕೊಟ್ಟು, "ಚಲೋ ಆಗೇತ್ರಿ" ಎಂದೆ. ಆ ಕಪ್ಪಿನ ಅಂಚಿಗೆ ತಂಬಾಕಿನ ಎಂಜಲು ಹತ್ತಿತ್ತು. ನಾನೇ ತೊಳೆದೆ. ಈಗಲೂ ನನಗೆ ಆತನ ಮೇಲೆ ಹೇಸಿಗೆಯೋ, ಚಲೋ ಆಗಿದೆ ಎಂದ ನನ್ನ ಬಾಯಿಯ ಮೇಲೆ ಹೆಚ್ಚು ಹೇಸಿಗೆಯೋ, ಹೇಳಲಾರೆ.

ಒಳಗೆ ಬಂದರೆ ಅವ್ವ ತಾನೇ ಕಾರಣ ಕಂಡುಕೊಂಡಿದ್ದಳು. "ನಾ ಅಲ್ಲಾಡಿರಬೇಕು ನೋಡ. ಕಣ್ಣಾಗ ನೀರ ಬಂದಿದ್ದವಲ್ಲ, ಅದಕ್ಕ ಕೆಟ್ಟೈತಿ. ನಿಮ್ಮಪ್ಪ ಸುಳ್ಳ ಬೈತಿರಲಿಲ್ಲ ಬಿಡು."

ಮರುದಿನ ನಿಮ್ಮ ಅಜ್ಜ ಕೆಲಸಕ್ಕೆ ಹೋದ ಮೇಲೆ, ಯಾರಿಗೂ ಹೇಳದೆ ಬಜಾರಿಗೆ ಹೋದೆ. ಆ ಅಂಗಡಿಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತೆ. ಮೊದಲು ತೆಗೆದ ಕ್ಯಾಸೆಟ್ ಇದ್ದರೆ ಕೊಡಿರಿ, ಅವ್ವನ ಚೂರಾದರೂ ಸಿಗುತ್ತದೇನೋ ಎಂದು ಕೇಳಿದೆ. ಆತ ಹತ್ತಿಯನ್ನು ಕಿವಿಯಲ್ಲಿ ತಿರುವುತ್ತ ಕ್ಯಾಸೆಟ್ ಹುಡುಕಿ, ಮಷೀನಿಗೆ ಹಾಕಿ ತೋರಿಸಿದ. ಯಾವುದೋ ಕೂಸಿನ ಜವಳ. ಕೂದಲು ತೆಗೆಯುತ್ತಿದ್ದರೆ ಕೂಸು ಕೈಕಾಲು ಬಡಿದು ಅಳುತ್ತಿತ್ತು.

"ನಿನ್ನೆ ಮುಂಜಾನೆ ಹಳಿಯಾಳದಾಗ ತಗದದ್ರಿ, ಅದರ ಮ್ಯಾಲ ಬಂತು" ಎಂದ. "ಆ ಅಜ್ಜಿ ನಿಮ್ಮವ್ವಾರು ಅಂತ ಗೊತ್ತೈತ್ರಿ ವೈನಿ. ಆದರ ಅಲ್ಲಾಡಲಾರದ್ದನ್ನ ಇಟ್ಟು ಏನ್ ಮಾಡೂದ್ರಿ? ಫೋಟೋ ಏನದು? ಇಡೀ ದಿನದ ಮದುವಿ, ಅಗದೀ ಒಂದ ಕ್ಯಾಸೆಟ್ಟಿನಾಗ ಕೂಡಿಸೀನಿ. ಹುಬ್ಬಳ್ಳ್ಯಾಗೂ ಹಿಂಗ ಮಾಡೂದಿಲ್ಲ." ನಿಜವಾಗಿಯೂ ನಾನು ಹೊಗಳುತ್ತೇನೆ ಎಂದು ಕಾಯುವವನ ಹಾಗೆ ನನ್ನ ಮುಖ ನೋಡಿದ. ನಾನು "ಆತ್ರಿ" ಎಂದು ಬಂದೆ.

ಸಂಜೆ ಅವ್ವ ಗಂಟು ಕಟ್ಟುವಾಗ ಮತ್ತೆ ಕೇಳಿದಳು, "ಕೆಟ್ಟಿತ್ತಲ್ಲ ನಂದು?"

ಏನು ಹೇಳಲಿ? ನೀನು ಚೆನ್ನಾಗಿಯೇ ಕೂತಿದ್ದೆ, ಅದಕ್ಕೇ ತೆಗೆದುಹಾಕಿದರು ಎಂದರೆ, ಅಷ್ಟು ಹೊತ್ತು ಉಸಿರು ಹಿಡಿದದ್ದು ಎಲ್ಲರ ನಗೆಪಾಟಲಾಯಿತೆಂದು ತಿಳಿಯುತ್ತದೆ. ಅದಕ್ಕಿಂತ ಇದೇ ಇರಲಿ ಎನಿಸಿತು. "ಹೂಂ ಬೇ, ಕೆಟ್ಟಿತ್ತಂತ" ಎಂದೆ.

"ಇರಲಿ. ಮುಂದಿನ ಸಲ ಚಂದಂಗ ಕುಂದರತೇನಿ" ಎಂದು ಹಳಿಯಾಳದ ಬಸ್ಸು ಹತ್ತಿದಳು. ಮುಂದಿನ ಸಲ ಎಂಬುದು ಬರಲಿಲ್ಲ. ಆ ವರ್ಷ ಸುಗ್ಗಿಯ ಹೊತ್ತಿಗೆ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು. ಗೋಡೆಗೆ ಹಾಕಲು ಫೋಟೋ ಇರಲಿಲ್ಲ. ಆಕೆಯ ಒಂದು ಸೀರೆ ಮಡಿಸಿಟ್ಟು ಅದಕ್ಕೇ ಹೂವು ಏರಿಸಿದೆವು.

ಮಾಸ್ತರನ ಅಂಗಡಿ ಆಮೇಲೆ ಮುಚ್ಚಿತು. ಬಹಳ ವರ್ಷದ ಮೇಲೆ ಆತನೂ ತೀರಿಕೊಂಡ. ಓಣಿಯ ಹೆಂಗಸರ ಜೊತೆ ಮಾತಾಡಿಸಿ ಬರಲು ಹೋಗಲೇಬೇಕಾಯಿತು. ಹೊರಗಿನ ಕೋಣೆಯಲ್ಲಿ ಆತನ ದೊಡ್ಡ ಫೋಟೋ, ಅದಕ್ಕೆ ಹೂವಿನ ಹಾರ. ಕಣ್ಣು, ಮೂಗು, ಮೀಸೆ, ಒಂದೊಂದೂ ಸ್ಪಷ್ಟ. ಆ ಮುಖ ಚೂರೂ ಅಲ್ಲಾಡುತ್ತಿರಲಿಲ್ಲ. ಅದನ್ನು ಮಾತ್ರ ಆತನ ಮನೆಯವರು ಇಟ್ಟುಕೊಂಡಿದ್ದರು. ನೀರು ಕೊಟ್ಟರು. ನಾನು ಕುಡಿಯಲಿಲ್ಲ. ಹೊರಗೆ ಬಂದು, ಬೇಲಿಯ ಬುಡದಲ್ಲಿ ಉಗುಳಿದೆ. ಸತ್ತವರ ಮನೆಯ ಮುಂದೆ ಹಾಗೆ ಮಾಡಬಾರದು, ಗೊತ್ತು.

ಮೊಮ್ಮಗಳು ರಜೆ ಮುಗಿಸಿ ಹೋದಳು. ಮೊನ್ನೆ ಹಾಸ್ಟೆಲ್ಲಿನಿಂದ ವಿಡಿಯೋ ಕಾಲ್ ಮಾಡಿದ್ದಳು. ನಾನು ಗೋಡೆಗೆ ಬೆನ್ನು ಹಚ್ಚಿ ಫೋನಿನ ಎದುರು ಕೂತಿದ್ದೆ. "ಅಜ್ಜಿ, ನೆಟ್ ನಿಂತೈತೇನ? ಒಂಚೂರು ಅಲ್ಲಾಡು" ಎಂದಳು. ಕೈ ಎತ್ತಿದೆ. ನಕ್ಕಳು. ಆಮೇಲೆ ತಾನು ಕಲಿತದ್ದನ್ನು ಹೇಳಿದಳು. ಫೋನು ನನ್ನ ಹಿಂದಿನ ಗೋಡೆಯನ್ನು ಮತ್ತೆ ಮತ್ತೆ ಕಳಿಸುವುದಿಲ್ಲವಂತೆ. ಅಲ್ಲಾಡುವ ತುಟಿ, ಕಣ್ಣು ಇಷ್ಟನ್ನೇ ಹೊಸದಾಗಿ ಕಳಿಸುತ್ತದಂತೆ. ಅದರಿಂದ ಜಾಗ ಉಳಿಯುತ್ತದಂತೆ.

ಫೋನನ್ನು ಮುಖದ ಹತ್ತಿರ ತಂದೆ. "ಹಂಗಾರ ಅಲ್ಲಾಡಲಾರದ್ದನ್ನ ಒಗದಬಿಡತೈತೇನ?" ಎಂದೆ.

"ಇಲ್ಲಜ್ಜಿ. ಅದನ್ನ ಮೊದಲ ಒಂದ ಸಲ ಕಳಿಸಿರತೈತಿ. ಇಲ್ಲಿ ನನ್ನ ಫೋನು ಅದನ್ನ ಹಂಗ ಹಿಡಕೊಂಡು ಕುಂತಿರತೈತಿ. ಅದರ ಮ್ಯಾಲ ಉಳಿದದ್ದೆಲ್ಲಾ."

ಒಂದು ಸಲ. ಅಷ್ಟೇ ಬೇಕಿತ್ತು… ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ನಾಯಿಯ ಬಾಲಕ್ಕೆ ಕೊಟ್ಟದ್ದರಲ್ಲಿ ಒಂದು ಚೂರು. ಇಷ್ಟು ಸಣ್ಣ ಮಷೀನಿಗೆ ಗೊತ್ತಿರುವುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ, ಎರಡು ಕಣ್ಣಿದ್ದವನಿಗೆ.

ಫೋನು ಇಟ್ಟ ಮೇಲೆ ಅವ್ವನ ಮುಖ ನೆನೆಸಿಕೊಳ್ಳಲು ನೋಡಿದೆ. ಸೆರಗು ಬರುತ್ತದೆ, ತೊಡೆಯ ಮೇಲಿನ ಕೈ ಬರುತ್ತದೆ, ಇಳಿಯುವ ಹನಿ ಬರುತ್ತದೆ. ಮುಖದ ಜಾಗದಲ್ಲಿ ಈಗ ಹಳಿಯಾಳದ ಆ ಫೋಟೋದ ಹೊಗೆಯೇ ಇದೆ.

ಮಕ್ಕಳೇ, ನಿಮ್ಮ ಮುತ್ತಜ್ಜಿ ಅಲ್ಲಾಡಿರಲಿಲ್ಲ. ಲೈಟು ಹಿಡಿದವಳು ನಾನು, ನಾನು ಕಂಡಿದ್ದೇನೆ. ಇದನ್ನು ಅಂದು ಆಕೆಗೆ ಹೇಳಬೇಕಿತ್ತು.