ಕವರಿನ ಮೂಲೆಗೆ ಅರಿಷಿಣ

ಸ್ಟೇಷನ್ ರಸ್ತೆಯ ಪ್ರಿಂಟಿಂಗ್ ಅಂಗಡಿಯಲ್ಲಿ ನನ್ನ ಮದುವೆ ಕಾರ್ಡಿನ ನಮೂನೆ ನೋಡುತ್ತಿದ್ದೆ. ಕೈಯಿಂದ ಬರೆದಂತೆ ಕಾಣುವ ಫಾಂಟು, ಒತ್ತಕ್ಷರದ ಬಾಲಗಳೆಲ್ಲ ಬಳ್ಳಿಯ ಹಾಗೆ ಬಾಗಿದ್ದವು. ನೋಡಿದೊಡನೆ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಥೇಟ್ ನಮ್ಮ ಗಂಗಕ್ಕನ ಅಕ್ಷರ!

ನಮ್ಮೂರು ಸಾರವಾಡದಲ್ಲಿ ಯಾರ ಮನೆಯ ಮದುವೆಯಾದರೂ ಕವರಿನ ಮೇಲೆ ಹೆಸರು ಬರೆಯಲು ಕರೆಯುತ್ತಿದ್ದುದು ನನ್ನ ಈ ಅಕ್ಕನನ್ನೇ. ಅವಳು ಬರೆದು, ಮೂಲೆಗೆ ಅರಿಷಿಣ ಹಚ್ಚಿ, ಚಹಾ ಚೂಡಾ ಮುಗಿಸಿ, ಹೊಗಳಿಕೆ ಹೊತ್ತು ಬರುವಳು. ಶಾಯಿಯ ಮೇಲೆ ಊದಿ ಒಣಗಿಸುವ ಘನಕಾರ್ಯ ಮಾತ್ರ ನನ್ನದು.

ಅಜ್ಜನ ವರ್ಷದ ಪುಣ್ಯತಿಥಿಯ ಕಾರ್ಡು ಬಂದಾಗ ನಾನೂ ಬರೆಯುತ್ತೇನೆಂದು ಹಟ ಹಿಡಿದೆ. ಅಪ್ಪ ಟಿಕೋಟಾದ ನೆಂಟರಿಗೆ ಕೊಡುವ ಹತ್ತು ಕವರು ಕೊಟ್ಟರು. ಗಂಗಕ್ಕನನ್ನು ಮೀರಿಸುವ ಸಂಕಲ್ಪದಿಂದ ಪ್ರತಿ ಅಕ್ಷರಕ್ಕೂ ಸುರುಳಿ ಬಿಟ್ಟೆ. ಅವಳು ಒಂದು ಮೂಲೆಗೆ ಹಚ್ಚುತ್ತಿದ್ದ ಅರಿಷಿಣವನ್ನು ನಾನು ನಾಲ್ಕೂ ಮೂಲೆಗೆ ಬಳಿದು, ಕವರುಗಳನ್ನು ಅಪ್ಪನ ಚೀಲಕ್ಕೆ ನಾನೇ ತುಂಬಿದೆ.

ಟಿಕೋಟಾದಲ್ಲಿ ದೂರದ ಸಂಬಂಧದ ಅತ್ತೆಯೊಬ್ಬಳು ಕವರು ನೋಡಿದವಳೇ ಒಳಗೋಡಿ, ಸಕ್ಕರೆ ತಂದು ಅಪ್ಪನ ಬಾಯಿಗೆ ಹಾಕಿದಳಂತೆ.

"ಅಣ್ಣಾ, ಗಂಗೀದು ಮದಿವಿ ಗಟ್ಟಿ ಆತೇನು?"

ಅಪ್ಪ ಸಕ್ಕರೆ ನುಂಗಲಾರದೆ, ಉಗುಳಲಾರದೆ ಹೇಳಿದರಂತೆ: "ಇಲ್ಲ ಬೇ. ನಮ್ಮಪ್ಪನ ಪುಣ್ಯತಿಥಿ."

ಆ ಹತ್ತೂ ಕವರನ್ನು ಗಂಗಕ್ಕ ಮತ್ತೆ ಬರೆದಳು. ನಾನು ಮತ್ತೆ ಊದಿದೆ.

"ಕವರ್ ಮ್ಯಾಲಿನ ಹೆಸರೂ ಇದ ಫಾಂಟ್‌ನ್ಯಾಗ ಹೊಡೀಲೇನ್ರಿ?" ಅಂಗಡಿಯವನು ಕೇಳಿದ.

"ಬ್ಯಾಡ್ರಿ. ನನ್ನ ಮದಿವಿ, ನಾನ ಬರೀತೀನಿ," ಎಂದೆ ಗಂಭೀರವಾಗಿ.

ಅಷ್ಟರಲ್ಲಿ ಅವ್ವನ ಫೋನು ಬಂತು. "ಯಪ್ಪಾ, ನೀ ಕವರ್ ಮುಟ್ಟಬ್ಯಾಡ. ಗಂಗಕ್ಕ ಬಸ್ ಹತ್ತ್ಯಾಳ."